ಕ್ಯಾಲ್ಸಿಯಂ ಗುಳಿಗೆಯಿಂದ ಹಾರ್ಮೋನಿನ ಕಡೆಗೆ

(ಥೈರಾಯ್ಡ್ ಆಪರೇಷನ್ ಆದವರಿಗೂ ಅವರ ಮನೆಯವರಿಗೂ ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಥೈರಾಯ್ಡ್ ಅಂದರೆ ಇಲ್ಲಿ ಯಾರಿಗೂ ಹೊಸದಲ್ಲ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುವವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದೇ ಇರುತ್ತಾರೆ. ಆದರೆ ಅದೇ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು ಇನ್ನೂ ನಾಲ್ಕು ಸಣ್ಣ ಗ್ರಂಥಿಗಳಿವೆ. ಅವುಗಳ ಹೆಸರು ಪ್ಯಾರಾಥೈರಾಯ್ಡ್. ಅವು ಕೆಲಸ ನಿಲ್ಲಿಸಿದಾಗ ಬರುವ ಕಾಯಿಲೆ, ಅದರ ಚಿಕಿತ್ಸೆ, ಇದೇ ಇವತ್ತಿನ ಮಾತು. ಒಂದೊಂದೂ ಸುಮಾರು ಆರು ಮಿಲಿಮೀಟರ್ ಉದ್ದ, ತೂಕ ಐವತ್ತು ಮಿಲಿಗ್ರಾಂ ಒಳಗೇ. ಬಣ್ಣ ಹಳದಿ ಕಂದು. ಸುತ್ತಲಿನ ಕೊಬ್ಬಿನ ಬಣ್ಣವೂ ಹೆಚ್ಚು ಕಡಿಮೆ ಅದೇ. ಹಾಗಾಗಿ ಕಣ್ಣಿಗೆ ಬೀಳುವುದೇ ಕಷ್ಟ.

ಮನುಷ್ಯನ ದೇಹದ ದೊಡ್ಡ ಅಂಗಗಳನ್ನೆಲ್ಲ ಯಾವಾಗಲೋ ಕಂಡುಹಿಡಿದಿದ್ದರು. ಇದು ಮಾತ್ರ ತಪ್ಪಿಸಿಕೊಂಡಿತ್ತು. ಇದನ್ನು ಮೊದಲು ನೋಡಿದ್ದು ಮನುಷ್ಯನಲ್ಲಲ್ಲ, ನಮ್ಮ ದೇಶದ ಒಂದು ಘೇಂಡಾಮೃಗದಲ್ಲಿ. ಲಂಡನ್ನಿನ ಮೃಗಾಲಯದಲ್ಲಿದ್ದ ಭಾರತದ ಘೇಂಡಾಮೃಗ ಸತ್ತಾಗ ರಿಚರ್ಡ್ ಓವೆನ್ ಎಂಬ ಅಂಗರಚನಾ ಶಾಸ್ತ್ರಜ್ಞ ಅದನ್ನು ಕೊಯ್ದು ನೋಡಿದ. ಥೈರಾಯ್ಡಿಗೆ ಅಂಟಿದ ಸಣ್ಣ ಹಳದಿ ಗ್ರಂಥಿಯೊಂದು ಕಂಡಿತು. ಅದು 1850ರ ಹೊತ್ತಿನ ಮಾತು. ಮನುಷ್ಯನಲ್ಲಿ ಅದನ್ನು ಸರಿಯಾಗಿ ವಿವರಿಸಿದ್ದು 1880ರಲ್ಲಿ, ಸ್ವೀಡನ್ನಿನ ಉಪ್ಸಾಲಾದ ವೈದ್ಯ ವಿದ್ಯಾರ್ಥಿ ಐವರ್ ಸ್ಯಾಂಡ್‌ಸ್ಟ್ರಾಮ್. ಆತನ ಮಾತಿಗೆ ಆಗ ಯಾರೂ ಜಾಸ್ತಿ ಗಮನ ಕೊಡಲಿಲ್ಲ. ಈ ಗ್ರಂಥಿಗಳ ಮೇಲೆ ಅವತ್ತಿನ ಅಸಡ್ಡೆ ಇವತ್ತಿಗೂ ಪೂರ್ತಿ ಹೋಗಿಲ್ಲ ಅನ್ನುವುದು ನನ್ನ ಬೇಸರ. ಅದಕ್ಕೇ ಈ ವಿಷಯ ತೆಗೆದುಕೊಂಡಿದ್ದೇನೆ.

ಈ ಗ್ರಂಥಿಗಳು ಮಾಡುವ ಹಾರ್ಮೋನಿಗೆ ಪ್ಯಾರಾಥೈರಾಯ್ಡ್ ಹಾರ್ಮೋನ್, ಚಿಕ್ಕದಾಗಿ ಪಿಟಿಎಚ್ ಅನ್ನುತ್ತೇವೆ. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಸಾಕು, ಕ್ಷಣದಲ್ಲಿ ಪಿಟಿಎಚ್ ಹೊರಗೆ ಬರುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ತೆಗೆಸುತ್ತದೆ. ಕಿಡ್ನಿಗೆ ಹೋಗಿ, ಕ್ಯಾಲ್ಸಿಯಂ ಉಳಿಸಿಕೋ, ರಂಜಕ (ಫಾಸ್ಫರಸ್) ಹೊರಗೆ ಹಾಕು ಅನ್ನುತ್ತದೆ. ಅದೇ ಕಿಡ್ನಿಯಲ್ಲಿ ವಿಟಮಿನ್ ಡಿಯನ್ನು ಕೆಲಸ ಮಾಡುವ ರೂಪಕ್ಕೆ ತರಿಸುತ್ತದೆ. ಆ ವಿಟಮಿನ್ ಡಿ ಕರುಳಿಗೆ ಹೋಗಿ ಊಟದಲ್ಲಿನ ಕ್ಯಾಲ್ಸಿಯಂ ಹೀರಿಸುತ್ತದೆ. ಈ ಮೂರೂ ಕೆಲಸ ನೆನಪಿಟ್ಟುಕೊಳ್ಳಿ. ಔಷಧಿಯ ಕಥೆಯೆಲ್ಲ ಇದರ ಮೇಲೇ ನಿಂತಿದೆ. ಪಿಟಿಎಚ್ ಸಾಕಷ್ಟು ಬರದೆ ಇರುವುದೇ ಹೈಪೋಪ್ಯಾರಾಥೈರಾಯ್ಡಿಸಂ.

ಕ್ಯಾಲ್ಸಿಯಂ ಇಳಿದಾಗ ನರಗಳು, ಸ್ನಾಯುಗಳು ಸುಮ್ನೆ ಇರುವುದಿಲ್ಲ. ಕೊಳ್ಳಾಗಿನ ಗಂಟು ತೆಗೆಸಿಕೊಂಡು ಎರಡು ಮೂರು ದಿನಕ್ಕೆ ಮನೆಗೆ ಹೋದ ಒಬ್ಬ ಅಮ್ಮ ವಾಪಸ್ ಬಂದು ನನಗೆ ಹೇಳಿದ್ದು ಹೀಗೆ: "ಬಾಯಿ ಸುತ್ತ ಇರುವಿ ಹರದಂಗ ಆಗ್ಲತ್ತದ್ರಿ ಸಾಹೇಬ್ರ, ಕೈಬೆರಳು ಜುಮ್ಮಂತಾವ." ಯಾವ ಪಠ್ಯಪುಸ್ತಕವೂ ಇದಕ್ಕಿಂತ ಚೆನ್ನಾಗಿ ಬರೆದಿಲ್ಲ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಮೊದಲ ಸೂಚನೆ. ಆಮೇಲೆ ಕಾಲಿನ ಮೀನಖಂಡ ಹಿಡಿದುಕೊಳ್ಳುವುದು, ಕೈ ಸೆಟೆದುಕೊಳ್ಳುವುದು. ಇನ್ನೂ ಇಳಿದರೆ ಧ್ವನಿಪೆಟ್ಟಿಗೆ ಬಿಗಿದು ಉಸಿರು ಕಟ್ಟಬಹುದು, ಫಿಟ್ಸ್ ಬರಬಹುದು, ಹೃದಯದ ಬಡಿತದ ತಾಳ ತಪ್ಪಬಹುದು.

ಹಾಸಿಗೆ ಪಕ್ಕದಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಇದಕ್ಕೆ ಬಿಪಿ ನೋಡುವ ಪಟ್ಟಿ ಸಾಕು. ಪಟ್ಟಿಯನ್ನು ತೋಳಿಗೆ ಸುತ್ತಿ, ರೋಗಿಯ ಬಿಪಿಯ ಮೇಲಿನ ಅಂಕಿಗಿಂತ ಇಪ್ಪತ್ತು ಜಾಸ್ತಿ ಏರಿಸಿ, ಮೂರು ನಿಮಿಷ ಹಾಗೇ ಬಿಡಬೇಕು. ಆ ಅಮ್ಮನಿಗೆ ಎರಡು ನಿಮಿಷ ಕೂಡ ಬೇಕಾಗಲಿಲ್ಲ. ಮೊದಲು ಹೆಬ್ಬೆರಳು ಅಂಗೈಯೊಳಗೆ ಮಡಚಿತು. ಮಣಿಕಟ್ಟು ಬಾಗಿತು. ಉಳಿದ ನಾಲ್ಕೂ ಬೆರಳು ನೆಟ್ಟಗೆ ಚಾಚಿ ಒಂದಕ್ಕೊಂದು ಅಂಟಿಕೊಂಡವು, ಬಳೆಗಾರ ಬಳೆ ಏರಿಸುವಾಗ ಹೆಂಗಸರು ಕೈ ಕಿರಿದು ಮಾಡಿ ಕೊಡುತ್ತಾರಲ್ಲ, ಹಾಗೆ. ಬಿಡಿಸಲು ನೋಡಿದರೆ ಬಿಚ್ಚಿಕೊಳ್ಳುವುದಿಲ್ಲ, ನೋವೂ ಆಗುತ್ತದೆ. ಪಟ್ಟಿ ಸಡಿಲಿಸಿದ ಮೇಲೆ ಮೆಲ್ಲಗೆ ಬಿಟ್ಟುಕೊಂಡಿತು. ಇದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಪ್ಯಾರಿಸ್ಸಿನ ವೈದ್ಯ ಆರ್ಮಾಂಡ್ ಟ್ರೂಸೋ ತೋರಿಸಿಕೊಟ್ಟ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಬಿಪಿ ಯಂತ್ರ ಇರುತ್ತದೆ, ಅಲ್ವಾ? ರಕ್ತದ ರಿಪೋರ್ಟ್ ಬರುವ ತನಕ ಕಾಯುವ ಮೊದಲೇ ಇಷ್ಟು ತಿಳಿಯಬಹುದು.

ಆಪರೇಷನ್ ಆದ ಮೇಲೆ ಬಂದ ಕೊರತೆಯನ್ನು ಹೇಗೋ ಗುರುತಿಸುತ್ತಾರೆ. ಗಾಯದ ಗುರುತು ಕೊಳ್ಳಲ್ಲೇ ಇರುತ್ತದೆ. ಗುರುತು ಇಲ್ಲದವರ ಕಥೆಯೇ ಬೇರೆ. ಯಾದಗಿರಿ ಕಡೆಯ ಒಬ್ಬ ಹುಡುಗ. ಚಿಕ್ಕಂದಿನಿಂದ ಫಿಟ್ಸ್. ಅಪ್ಪ ಜೊತೆಗೆ ಬಂದಿದ್ದರು. "ಫಿಟ್ಸಿನ ಗುಳಿಗಿ ಒಂದಿನಾನೂ ತಪ್ಸಿಲ್ರಿ ಸಾಹೇಬ್ರ. ಆದ್ರೂ ಬರ್ಲತ್ತಾವ್ರಿ. ಗುಡಿಗೂ ಹೋಗಿ ಬಂದ್ವಿ, ದರ್ಗಾಕ್ಕೂ ಹೋಗಿ ಬಂದ್ವಿ." ಹುಡುಗನ ಎರಡೂ ಕಣ್ಣಿಗೆ ಆ ವಯಸ್ಸಿನಲ್ಲೇ ಪೊರೆ ಬಂದಿತ್ತು. ತಲೆಯ ಸಿಟಿ ಸ್ಕ್ಯಾನಿನಲ್ಲಿ ಮಿದುಳಿನ ಆಳದಲ್ಲಿ ಎರಡೂ ಬದಿಗೆ ಸುಣ್ಣ ಕಟ್ಟಿದ ಬಿಳಿ ಗುರುತು. ಫಿಟ್ಸ್, ಎಳೆ ವಯಸ್ಸಿನ ಕಣ್ಣಿನ ಪೊರೆ, ಮಿದುಳಿನಲ್ಲಿ ಸುಣ್ಣ. ಈ ಮೂರು ಒಟ್ಟಿಗೆ ಕಂಡರೆ ಕ್ಯಾಲ್ಸಿಯಂ, ರಂಜಕ, ಪಿಟಿಎಚ್ ಪರೀಕ್ಷೆ ಆಗಲೇಬೇಕು. ಅವನ ಕ್ಯಾಲ್ಸಿಯಂ ತೀರಾ ಕೆಳಗಿತ್ತು, ರಂಜಕ ಮೇಲಿತ್ತು, ಪಿಟಿಎಚ್ ಇಲ್ಲವೆನ್ನುವಷ್ಟು ಕಡಿಮೆ. ಅವನು ತೆಗೆದುಕೊಳ್ಳುತ್ತಿದ್ದ ಫೆನಿಟಾಯಿನ್ ಗುಳಿಗೆ ವಿಟಮಿನ್ ಡಿಯನ್ನು ಬೇಗ ಖರ್ಚು ಮಾಡಿಸುತ್ತದೆ. ಅಂದರೆ ಕ್ಯಾಲ್ಸಿಯಂ ಇನ್ನಷ್ಟು ಇಳಿಯಲು ಅದೂ ದಾರಿ ಮಾಡಿತ್ತು. ಫಿಟ್ಸ್ ಇರುವ ಯಾವ ಮಗುವಿಗಾದರೂ ಒಮ್ಮೆ ರಕ್ತದ ಕ್ಯಾಲ್ಸಿಯಂ ನೋಡಿಸಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಪರೀಕ್ಷೆ ದುಬಾರಿಯದಲ್ಲ. ವರ್ಷಗಟ್ಟಲೆ ಸಂಕಟ ಉಳಿಯುತ್ತದೆ.

ಕಾರಣಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದೊಡ್ಡವರಲ್ಲಿ ಮುಕ್ಕಾಲು ಪಾಲು ಈ ಕೊರತೆ ಬರುವುದು ಕೊಳ್ಳಿನ ಆಪರೇಷನ್ನಿನಿಂದ. ಗ್ರಂಥಿಯೇ ಹೋಗಿರಬಹುದು, ಇಲ್ಲವೇ ಅದಕ್ಕೆ ಹೋಗುವ ನೂಲಿನಷ್ಟು ಸಣ್ಣ ರಕ್ತನಾಳಕ್ಕೆ ಪೆಟ್ಟು ಬಿದ್ದಿರಬಹುದು. ಬಹಳ ಜನರಲ್ಲಿ ಕೆಲವು ವಾರ, ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಒಂದು ವರ್ಷ ಕಳೆದರೂ ಸರಿಯಾಗದಿದ್ದರೆ ಅದು ಕಾಯಂ ಎಂದು ಈಗಿನ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಉಳಿದವರಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಗ್ರಂಥಿಯ ಮೇಲೆ ಬಿದ್ದಿರಬಹುದು. ಹುಟ್ಟಿನಿಂದ ಬಂದ ಜೀನ್ ದೋಷ ಇರಬಹುದು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಪದೇಪದೇ ರಕ್ತ ಹಾಕಿಸಿಕೊಂಡ ಮಕ್ಕಳಲ್ಲಿ ಕಬ್ಬಿಣ ತುಂಬಿಕೊಂಡು ಗ್ರಂಥಿ ಸೊರಗಿರಬಹುದು. ಮೆಗ್ನೀಷಿಯಂ ತೀರಾ ಕಡಿಮೆಯಾದರೂ ಪಿಟಿಎಚ್ ನಿಲ್ಲುತ್ತದೆ. ಇದೊಂದು ಖುಷಿಯ ವಿಷಯ, ಯಾಕೆಂದರೆ ಮೆಗ್ನೀಷಿಯಂ ಕೊಟ್ಟರೆ ಗ್ರಂಥಿ ಮತ್ತೆ ಎದ್ದು ಕೂರುತ್ತದೆ. ಹಾಗಾಗಿ ಅದನ್ನು ನೋಡದೆ ಯಾರಿಗೂ ಕಾಯಂ ಎಂಬ ಹಣೆಪಟ್ಟಿ ಹಚ್ಚಬಾರದು.

ಈಗ ಚಿಕಿತ್ಸೆ. ತುರ್ತು ಹೊತ್ತಿನಲ್ಲಿ, ಕೈ ಸೆಟೆದು ಫಿಟ್ಸ್ ಬಂದಾಗ ಕ್ಯಾಲ್ಸಿಯಂ ಗ್ಲುಕೋನೇಟ್ ರಕ್ತನಾಳದ ಮೂಲಕ ಕೊಡುತ್ತೇವೆ. ನಿಧಾನವಾಗಿ, ಹತ್ತು ಇಪ್ಪತ್ತು ನಿಮಿಷ ತೆಗೆದುಕೊಂಡು, ಇಸಿಜಿ ನೋಡುತ್ತ. ಅವಸರದಲ್ಲಿ ತಳ್ಳಿದರೆ ಹೃದಯ ನಿಲ್ಲಬಹುದು. ಒಂದು ಸೂಜಿ ಕೆಲವು ಗಂಟೆ ಮಾತ್ರ ಕಾಯುತ್ತದೆ. ಅದಕ್ಕೇ ಬಹಳ ಸಲ ಸಲೈನಿನಲ್ಲಿ ಸೇರಿಸಿ ಮುಂದುವರಿಸಬೇಕಾಗುತ್ತದೆ.

ದಿನನಿತ್ಯದ ಚಿಕಿತ್ಸೆಯಲ್ಲಿ ಎರಡು ಔಷಧಿ ಇವೆ. ಕ್ಯಾಲ್ಸಿಯಂ ಗುಳಿಗೆ ಮತ್ತು ಸಕ್ರಿಯ ವಿಟಮಿನ್ ಡಿ. ಇದನ್ನು ಸಾದಾ ಚಿಕಿತ್ಸೆ ಎಂದು ಕಡೆಗಣಿಸಬೇಡಿ. ನಮ್ಮ ಭಾಗದಲ್ಲಿ ಇವತ್ತಿಗೂ, ನಾಳೆಗೂ ಬಹುಪಾಲು ಜನರ ಜೀವ ಕಾಯುವುದು ಇದೇ. ಚೆನ್ನಾಗಿ ಮಾಡಿದರೆ ಚೆನ್ನಾಗಿಯೇ ಕಾಯುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆ ಎಲ್ಲ ಕಡೆ ಸಿಗುತ್ತದೆ. 1250 ಮಿಲಿಗ್ರಾಂ ಕಾರ್ಬೊನೇಟಿನಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. ಪೊಟ್ಟಣದ ಮೇಲೆ ಯಾವ ಲೆಕ್ಕ ಬರೆದಿದ್ದಾರೆ ನೋಡಿಕೊಳ್ಳಿ. ಇದು ಕರಗಲು ಹೊಟ್ಟೆಯ ಆಮ್ಲ ಬೇಕು. ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಬೇಕು. ಊಟದ ಜೊತೆಗೆ ಇನ್ನೊಂದು ಲಾಭ ಇದೆ. ಊಟದಲ್ಲಿನ ರಂಜಕವನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಈ ಕಾಯಿಲೆಯಲ್ಲಿ ರಂಜಕ ಮೊದಲೇ ಜಾಸ್ತಿ ಇರುತ್ತದೆ. ಒಂದೇ ಸಲಕ್ಕೆ ಎಲ್ಲಾ ನುಂಗಿದರೆ ಕರುಳು ಅಷ್ಟನ್ನೂ ಹೀರುವುದಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹಂಚಿ ತೆಗೆದುಕೊಳ್ಳಿ.

ಈಗ ಒಂದು ಮಾತು ಕೇಳುತ್ತೇನೆ. ಇಲ್ಲಿ ಎಷ್ಟು ಜನ ದಿನಾ ಬೆಳಿಗ್ಗೆ ಗ್ಯಾಸಿನ ಗುಳಿಗೆ ತೆಗೆದುಕೊಳ್ಳುತ್ತೀರಿ? ನೋಡಿ, ಕೈ ಎಷ್ಟು ಏಳುತ್ತಿವೆ. ಪ್ಯಾಂಟೊಪ್ರಜೋಲ್‌ನಂಥ ಗುಳಿಗೆ ಹೊಟ್ಟೆಯ ಆಮ್ಲವನ್ನೇ ನಿಲ್ಲಿಸುತ್ತದೆ. ಆಮೇಲೆ ಕಾರ್ಬೊನೇಟ್ ಕರಗುವುದು ಹೇಗೆ? ಬಹಳ ವರ್ಷ ತೆಗೆದುಕೊಂಡರೆ ಮೆಗ್ನೀಷಿಯಂ ಕೂಡ ಇಳಿಯಬಹುದು. ಗ್ಯಾಸಿನ ಗುಳಿಗೆ ನಿಜಕ್ಕೂ ಬೇಕಾ ಎಂದು ವೈದ್ಯರನ್ನು ಕೇಳಿ. ಬೇಕೇ ಬೇಕು ಅಂತಾದರೆ ಕ್ಯಾಲ್ಸಿಯಂ ಸಿಟ್ರೇಟ್ ಕೇಳಿ ಬರೆಸಿಕೊಳ್ಳಿ. ಅದಕ್ಕೆ ಆಮ್ಲದ ಹಂಗಿಲ್ಲ.

ಥೈರಾಯ್ಡ್ ಪೂರ್ತಿ ತೆಗೆಸಿಕೊಂಡವರಿಗೆ ಮತ್ತೊಂದು ಎಚ್ಚರಿಕೆ. ನಿಮಗೆ ಥೈರಾಯ್ಡ್ ಗುಳಿಗೆಯೂ ಇದೆ, ಕ್ಯಾಲ್ಸಿಯಂ ಗುಳಿಗೆಯೂ ಇದೆ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ. ನಡುವೆ ನಾಲ್ಕು ತಾಸು ಅಂತರ ಇರಲಿ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಗುಳಿಗೆ ತೆಗೆದುಕೊಂಡರೆ ಮೊದಲ ಕ್ಯಾಲ್ಸಿಯಂ ಹತ್ತರ ರೊಟ್ಟಿ ಊಟದ ಜೊತೆ. ಹೊಲದ ಕೆಲಸಕ್ಕೆ ಹೋಗುವವರು ಬುತ್ತಿ ಗಂಟಿನಲ್ಲೇ ಗುಳಿಗೆ ಕಟ್ಟಿಕೊಂಡು ಹೋಗಿ. ರೋಜಾ ಇರುವವರು, ಶ್ರಾವಣದ ಉಪವಾಸ ಮಾಡುವವರು ಒಂದು ವಾರ ಮೊದಲೇ ಬಂದು ಹೊತ್ತು ಬದಲಿಸಿಕೊಳ್ಳಿ. ಸಹರಿಗೆ ಎಷ್ಟು, ಇಫ್ತಾರಿಗೆ ಎಷ್ಟು ಎಂದು ಕೂತು ಲೆಕ್ಕ ಹಾಕೋಣ. ಯಾರಿಗೂ ಹೇಳದೆ ನಿಲ್ಲಿಸಬೇಡಿ.

ಎರಡನೆಯ ಔಷಧಿ ವಿಟಮಿನ್ ಡಿ. ಇಲ್ಲೇ ಗೊಂದಲ ಜಾಸ್ತಿ. ಸಾದಾ ವಿಟಮಿನ್ ಡಿಯನ್ನು ಕೆಲಸದ ರೂಪಕ್ಕೆ ತರಲು ಕಿಡ್ನಿಗೆ ಪಿಟಿಎಚ್ ಆಜ್ಞೆ ಬೇಕು ಎಂದೆನಲ್ಲ. ಆಜ್ಞೆ ಕೊಡುವವರೇ ಇಲ್ಲ. ಅದಕ್ಕೆ ಆಗಲೇ ತಯಾರಾದ ರೂಪವನ್ನೇ ಕೊಡುತ್ತೇವೆ. ಅದು ಕ್ಯಾಲ್ಸಿಟ್ರಿಯಾಲ್. 0.25 ಮೈಕ್ರೋಗ್ರಾಂನ ಸಣ್ಣ ಕ್ಯಾಪ್ಸೂಲ್. ಇಲ್ಲವೇ ಆಲ್ಫಾಕ್ಯಾಲ್ಸಿಡಾಲ್, ಅದನ್ನು ಲಿವರ್ ಸಿದ್ಧಪಡಿಸಿಕೊಳ್ಳುತ್ತದೆ. ಇದರ ಗುಣ ಏನೆಂದರೆ ಜಾಸ್ತಿಯಾದರೆ ನಿಲ್ಲಿಸಿದ ಕೆಲವೇ ದಿನದಲ್ಲಿ ಇಳಿಯುತ್ತದೆ. ಆದರೆ ನಮ್ಮಲ್ಲಿ ಮೈಕೈ ನೋವು ಅಂದರೆ ಸಾಕು, 6 ಲಕ್ಷ ಯೂನಿಟ್ಟಿನ ವಿಟಮಿನ್ ಡಿ ಸೂಜಿ ಹಾಕುವ ರೂಢಿ ಇದೆ. ಅದು ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಕೂತುಬಿಡುತ್ತದೆ. ಕ್ಯಾಲ್ಸಿಟ್ರಿಯಾಲ್ ಮೇಲಿರುವವರಿಗೆ ಅಂಥ ಸೂಜಿ ಮೇಲಿಂದ ಮೇಲೆ ಬಿದ್ದರೆ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ಮಂಪರು ಬಂದು ದವಾಖಾನೆ ಸೇರಬೇಕಾಗುತ್ತದೆ. ಮೈಯಲ್ಲಿ ಸಾದಾ ವಿಟಮಿನ್ ಡಿ ಕಡಿಮೆ ಇದ್ದರೆ ಅದನ್ನೂ ತುಂಬಿಸಬೇಕು, ನಿಜ. ಆದರೆ ಅಳತೆ ನೋಡಿ, ಸಣ್ಣ ಪ್ರಮಾಣದಲ್ಲಿ.

ಇನ್ನು ನಾನು ಇವತ್ತು ಹೇಳಲೇಬೇಕೆಂದು ಬಂದ ಮಾತು. ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ಇರುತ್ತದೆ. ನಿಮ್ಮ ರಿಪೋರ್ಟಿನಲ್ಲಿ 8.4 ಬಂದರೆ ಪಕ್ಕದಲ್ಲಿ ಕೆಂಪು ಗುರುತು ಇರುತ್ತದೆ. ಮನೆಯವರು ಗಾಬರಿಯಾಗಿ ಗುಳಿಗೆ ಜಾಸ್ತಿ ಮಾಡುತ್ತಾರೆ. ಬೇಡ. ಈ ಕಾಯಿಲೆಯಲ್ಲಿ ನಮ್ಮ ಗುರಿ ಸಾಮಾನ್ಯ ಮಟ್ಟದ ಕೆಳ ಅಂಚು, ಇಲ್ಲವೇ ಅದಕ್ಕಿಂತ ಚೂರು ಕೆಳಗೆ, ಜುಮ್ಮೆನ್ನುವುದು ಸೆಳೆತ ಇರದಷ್ಟು. ಯಾಕೆ? ಕೊರತೆ ಇರುವುದು ಹಾರ್ಮೋನಿನದು. ಗುಳಿಗೆಯಿಂದ ರಕ್ತಕ್ಕೆ ಕ್ಯಾಲ್ಸಿಯಂ ತುಂಬಬಹುದು. ಆದರೆ ಕಿಡ್ನಿಗೆ "ಉಳಿಸಿಕೋ" ಎಂದು ಹೇಳುವ ಪಿಟಿಎಚ್ ಇಲ್ಲ. ತುಂಬಿದ್ದೆಲ್ಲ ಮೂತ್ರಕ್ಕೆ ಸೋರುತ್ತದೆ. ರಕ್ತದಲ್ಲಿ 9.5 ಕಂಡು ನಾವು ಖುಷಿಪಡುವ ಹೊತ್ತಿಗೆ ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತಿರುತ್ತದೆ, ಕಿಡ್ನಿಯ ಮಾಂಸದಲ್ಲೇ ಸುಣ್ಣ ಕೂರುತ್ತಿರುತ್ತದೆ. ವರ್ಷಗಳಾದ ಮೇಲೆ, ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ ರೋಗಿಗೆ ಗೊತ್ತಾಗುತ್ತದೆ, ಮೈ ಕೂಗಿ ಹೇಳುತ್ತದೆ. ಮೂತ್ರದಲ್ಲಿ ಸೋರುವುದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಇಪ್ಪತ್ನಾಲ್ಕು ತಾಸಿನ ಮೂತ್ರ ಹಿಡಿದು ಕ್ಯಾಲ್ಸಿಯಂ ನೋಡುವ ಪರೀಕ್ಷೆ ಇದೆ. ದೊಡ್ಡ ಡಬ್ಬಿಯಲ್ಲಿ ಒಂದಿಡೀ ದಿನದ ಮೂತ್ರ ಹಿಡಿಯುವುದು ಬಹಳ ಜನರಿಗೆ ನಾಚಿಕೆ, ಬೇಜಾರು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕಿಡ್ನಿ ಉಳಿಸುವ ಪರೀಕ್ಷೆ ಅದು.

ಸೋರುವುದು ಜಾಸ್ತಿ ಇದ್ದರೆ ಥಯಜೈಡ್ ಜಾತಿಯ ಗುಳಿಗೆ ಕೊಡುತ್ತೇವೆ. ಬಿಪಿಗೂ ಅದನ್ನೇ ಕೊಡುವುದು. ಅದು ಕಿಡ್ನಿಯಲ್ಲಿ ಕ್ಯಾಲ್ಸಿಯಂ ತಡೆಯುತ್ತದೆ. ಆದರೆ ಉಪ್ಪು ಜಾಸ್ತಿ ತಿಂದರೆ ಅದರ ಆಟ ನಡೆಯುವುದಿಲ್ಲ, ಯಾಕೆಂದರೆ ಉಪ್ಪಿನ ಜೊತೆಗೇ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಪಲ್ಯ, ಇವಕ್ಕೆಲ್ಲ ಅಡ್ಡಿ ಇಲ್ಲ. ಕೈ ಹಿಡಿಯಬೇಕಾದ್ದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮೇಲೆ ಉದುರಿಸಿಕೊಳ್ಳುವ ಉಪ್ಪಿನಲ್ಲಿ. ಕೋಲಾ ಪಾನೀಯದಲ್ಲಿ ರಂಜಕದ ಆಮ್ಲ ಇರುತ್ತದೆ, ಅದನ್ನು ಬಿಟ್ಟರೆ ಒಳ್ಳೆಯದು.

ಎಲೆ ಅಡಿಕೆ ಹಾಕುವ ಹಿರಿಯರಿಗೂ ಒಂದು ಮಾತಿದೆ. ಎಲೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಮ್ಮೇ, ಅದೂ ಕ್ಷಾರದ ರೂಪದಲ್ಲಿ. ದಿನವಿಡೀ ಎಲೆ ಸುಣ್ಣ ಹಾಕುವವರಲ್ಲಿ ಕ್ಯಾಲ್ಸಿಯಂ ವಿಪರೀತ ಏರಿ ಕಿಡ್ನಿಗೆ ಪೆಟ್ಟಾದದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಮೇಲಿಂದ ಕ್ಯಾಲ್ಸಿಟ್ರಿಯಾಲ್ ಬೇರೆ ಇದ್ದರೆ ಇನ್ನೂ ಬೇಗ. ಬಿಡಲು ಆಗದಿದ್ದರೂ ನಿಮ್ಮ ವೈದ್ಯರಿಗೆ ತಿಳಿಸಿ, ಗುಳಿಗೆಯ ಅಳತೆ ಅದರ ಮೇಲೆ ನಿಲ್ಲುತ್ತದೆ. ನಮ್ಮ ಬೇಸಿಗೆಯನ್ನೂ ಮರೆಯಬೇಡಿ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ನೀರು ಕಡಿಮೆ ಕುಡಿದರೆ ಮೂತ್ರ ಗಟ್ಟಿಯಾಗಿ ಕಲ್ಲು ಬೇಗ ಕಟ್ಟುತ್ತದೆ. ವಾಂತಿ ಭೇದಿ ಆದಾಗ ಕ್ಯಾಲ್ಸಿಯಂ ಎರಡೂ ಕಡೆಗೆ ಹೋಗಬಹುದು, ಇಳಿಯಬಹುದು ಅಥವಾ ಏರಬಹುದು. ಅಂಥ ದಿನ ಮನೆಯಲ್ಲಿ ಕೂರದೆ ರಕ್ತ ಪರೀಕ್ಷೆ ಮಾಡಿಸಿ.

ಸರಿ, ಕೊರತೆ ಹಾರ್ಮೋನಿನದು ಅಂದ ಮೇಲೆ ಹಾರ್ಮೋನನ್ನೇ ಯಾಕೆ ಕೊಡಬಾರದು? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಕೊಡುತ್ತೇವೆ. ಥೈರಾಯ್ಡಿಗೆ ಥೈರಾಕ್ಸಿನ್ ಕೊಡುತ್ತೇವೆ. ಇದಕ್ಕೆ ಯಾಕಿಲ್ಲ? ಈ ಪ್ರಶ್ನೆಗೆ ನೂರು ವರ್ಷದ ಇತಿಹಾಸ ಇದೆ. ಜೇಮ್ಸ್ ಕಾಲಿಪ್ ಎಂಬ ಕೆನಡಾದ ವಿಜ್ಞಾನಿ 1922ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಶುದ್ಧಗೊಳಿಸಿ ಮನುಷ್ಯರಿಗೆ ಕೊಡುವಂತೆ ಮಾಡಿದ. ಅದೇ ಕಾಲಿಪ್ 1925ರಲ್ಲಿ ದನದ ಪ್ಯಾರಾಥೈರಾಯ್ಡ್‌ನಿಂದ ರಸ ತೆಗೆದು, ಗ್ರಂಥಿ ತೆಗೆದ ನಾಯಿಗಳಲ್ಲಿ ಕ್ಯಾಲ್ಸಿಯಂ ಏರುವುದನ್ನು ತೋರಿಸಿದ. ಇನ್ಸುಲಿನ್ ಲೋಕವೆಲ್ಲ ಹರಡಿತು. ಇದು ಹರಡಲಿಲ್ಲ. ಮುಖ್ಯ ಅಡ್ಡಿ ಎಂದರೆ ಪಿಟಿಎಚ್ ರಕ್ತದಲ್ಲಿ ಬದುಕುವುದೇ ಕೆಲವು ನಿಮಿಷ. ಗ್ರಂಥಿ ಇದ್ದರೆ ಕ್ಷಣಕ್ಷಣಕ್ಕೂ ಹೊಸದನ್ನು ಬಿಡುತ್ತಿರುತ್ತದೆ. ದಿನಕ್ಕೊಂದು ಸೂಜಿಯಿಂದ ಅದನ್ನು ಹೇಗೆ ಸರಿಗಟ್ಟುವುದು?

ಪಿಟಿಎಚ್ ಎಂದರೆ 84 ಅಮೈನೋ ಆಮ್ಲಗಳ ಸರಪಳಿ. ಕೆಲಸವೆಲ್ಲ ಮೊದಲ 34ರಲ್ಲೇ ಇದೆ. ಆ 34ರ ತುಂಡೇ ಟೆರಿಪ್ಯಾರಟೈಡ್. 2002ರಲ್ಲಿ ಅಮೆರಿಕದಲ್ಲಿ ಮೂಳೆ ಸವೆತಕ್ಕೆ ಒಪ್ಪಿಗೆ ಸಿಕ್ಕಿತು. ನಮ್ಮ ದೇಶದಲ್ಲೂ ಕಂಪನಿಗಳು ತಯಾರಿಸುತ್ತವೆ. ನಮ್ಮ ಕಾಯಿಲೆಗೆ ಇದನ್ನು ಕೊಡುವುದು ಅಧಿಕೃತ ಒಪ್ಪಿಗೆಯ ಹೊರಗೆ, ತಜ್ಞರ ಜವಾಬ್ದಾರಿಯ ಮೇಲೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕ್ಯಾರೆನ್ ವೈನರ್ ಮತ್ತು ಸಂಗಡಿಗರು 1990ರ ದಶಕದಿಂದಲೇ ಇದನ್ನು ಕೊಟ್ಟು ನೋಡುತ್ತ ಬಂದರು. ದಿನಕ್ಕೆ ಒಂದಕ್ಕಿಂತ ಎರಡು ಸೂಜಿ ವಾಸಿ, ಇನ್ಸುಲಿನ್ ಪಂಪಿನ ಹಾಗೆ ಸತತ ಕೊಟ್ಟರೆ ಇನ್ನೂ ವಾಸಿ, ಮೂತ್ರದ ಸೋರಿಕೆಯೂ ಕಡಿಮೆ ಎಂದು ತೋರಿಸಿದರು. ಗುಳಿಗೆಗೆ ಜಗ್ಗದ ಕೆಲವು ರೋಗಿಗಳಿಗೆ ಇದು ಇವತ್ತು ನಮ್ಮ ಕೈಗೆ ಎಟಕುವ ಹಾರ್ಮೋನ್. ಬೆಳೆಯುವ ಮಕ್ಕಳಿಗೆ, ಮೂಳೆಗೆ ರೇಡಿಯೇಷನ್ ಆದವರಿಗೆ ಕೊಡುವುದಿಲ್ಲ. ಇಲಿಗಳಲ್ಲಿ ಮೂಳೆ ಗಡ್ಡೆ ಕಂಡಿದ್ದರಿಂದ ಔಷಧಿಯ ಮೇಲೆ ದೊಡ್ಡ ಎಚ್ಚರಿಕೆ ಬರೆದಿದ್ದರು. ಮನುಷ್ಯರಲ್ಲಿ ಹಾಗೆ ಕಾಣದೆ ಇದ್ದುದರಿಂದ 2020ರಲ್ಲಿ ಅಮೆರಿಕದಲ್ಲಿ ಅದನ್ನು ತೆಗೆದರು.

ಪೂರ್ತಿ 84ರ ಹಾರ್ಮೋನ್ ನ್ಯಾಟ್‌ಪಾರಾ ಎಂಬ ಹೆಸರಿನಲ್ಲಿ 2015ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ದೊಡ್ಡ ಪ್ರಯೋಗದಲ್ಲಿ ನೂರಕ್ಕೆ 53 ಜನರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಎರಡನ್ನೂ ಅರ್ಧಕ್ಕಿಂತ ಕಡಿಮೆ ಮಾಡಲು ಆಯಿತು. ಆದರೆ 2019ರ ಸೆಪ್ಟೆಂಬರಿನಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡರು. ಔಷಧಿಯಲ್ಲಿ ತಪ್ಪಿರಲಿಲ್ಲ. ಸೂಜಿ ಚುಚ್ಚುವ ಕಾರ್ಟ್ರಿಜ್ಜಿನ ರಬ್ಬರ್ ಮುಚ್ಚಳದಿಂದ ಕಣಗಳು ಉದುರುತ್ತಿದ್ದವು. ಅಷ್ಟು ಸಣ್ಣ ರಬ್ಬರಿನಿಂದಾಗಿ ಸಾವಿರಾರು ಜನ ಮತ್ತೆ ಗುಳಿಗೆಯ ಲೆಕ್ಕಕ್ಕೆ ಬಿದ್ದರು. ಕೊನೆಗೆ ಟಕೆಡಾ ಕಂಪನಿ 2024ರ ಕೊನೆಗೆ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಹಾರ್ಮೋನ್ ಶುರು ಮಾಡಿದವರಿಗೆ ಅದು ಒಮ್ಮೆಲೇ ನಿಂತರೆ ಕ್ಯಾಲ್ಸಿಯಂ ಜೋರಾಗಿ ಕುಸಿಯುತ್ತದೆ. ಹಾಗಾಗಿ ಯಾವುದೇ ಹೊಸ ಸೂಜಿ ಶುರು ಮಾಡುವ ಮೊದಲು, ಇದು ತಪ್ಪದೆ ಸಿಗುತ್ತದಾ ಎಂದು ಕೇಳುವುದು ರೋಗಿಯ ಹಕ್ಕು ಅನ್ನುತ್ತೇನೆ.

ಈಗ ಹೊಸದು. ಡೆನ್ಮಾರ್ಕಿನ ಅಸೆಂಡಿಸ್ ಕಂಪನಿಯ ಪ್ಯಾಲೊಪೆಗ್‌ಟೆರಿಪ್ಯಾರಟೈಡ್, ಮಾರುಕಟ್ಟೆ ಹೆಸರು ಯಾರ್ವಿಪಾತ್. ಅದೇ 34ರ ತುಂಡನ್ನು ಒಂದು ದೊಡ್ಡ ಅಣುವಿಗೆ ಕಟ್ಟಿರುತ್ತಾರೆ. ಕಟ್ಟಿರುವ ತನಕ ಅದು ಕೆಲಸ ಮಾಡುವುದಿಲ್ಲ. ಚರ್ಮದ ಕೆಳಗೆ ಸೂಜಿ ಹಾಕಿದ ಮೇಲೆ ಮೈಯ ಬಿಸಿ, ಕ್ಷಾರಾಂಶಕ್ಕೆ ಆ ಕಟ್ಟು ಮೆಲ್ಲಮೆಲ್ಲನೆ ಬಿಚ್ಚಿಕೊಳ್ಳುತ್ತದೆ. ಹಾರ್ಮೋನ್ ಇಪ್ಪತ್ನಾಲ್ಕು ತಾಸೂ ಒಂದೇ ಸಮ ಹೊರಬರುತ್ತದೆ. ಕೆಲವೇ ನಿಮಿಷ ಬದುಕುತ್ತದೆ ಎಂಬ ಹಳೆಯ ಅಡ್ಡಿಯನ್ನು ದಾಟಿದ್ದು ಹೀಗೆ. ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ ಇದು. ಹಾರ್ಮೋನನ್ನು ಬದಲಿಸಲಿಲ್ಲ, ಅದು ಬರುವ ರೀತಿಯನ್ನು ಬದಲಿಸಿದರು. ದಿನಕ್ಕೊಂದೇ ಸೂಜಿ, ಪೆನ್ನಿನಲ್ಲಿ. 18 ಮೈಕ್ರೋಗ್ರಾಂನಿಂದ ಶುರು, ರಕ್ತ ನೋಡುತ್ತ ಸ್ವಲ್ಪ ಸ್ವಲ್ಪ ಬದಲಿಸುತ್ತ ಹೋಗುವುದು.

ಅದರ ದೊಡ್ಡ ಪ್ರಯೋಗದಲ್ಲಿ 26 ವಾರ ಕಳೆದಾಗ ಔಷಧಿ ಪಡೆದವರಲ್ಲಿ ನೂರಕ್ಕೆ 79 ಜನರ ಕ್ಯಾಲ್ಸಿಯಂ ಸರಿಯಾದ ಮಟ್ಟದಲ್ಲಿತ್ತು. ಅವರ ಸಕ್ರಿಯ ವಿಟಮಿನ್ ಡಿ ಪೂರ್ತಿ ನಿಂತಿತ್ತು, ಚಿಕಿತ್ಸೆಯ ಕ್ಯಾಲ್ಸಿಯಂ ಗುಳಿಗೆಯ ಅಗತ್ಯವೂ ಹೋಗಿತ್ತು. ಹೋಲಿಕೆಗೆಂದು ಔಷಧಿ ಇಲ್ಲದ ಸೂಜಿ ಪಡೆದವರಲ್ಲಿ ಇದು ನೂರಕ್ಕೆ 5 ಮಾತ್ರ. ಮೂತ್ರದ ಸೋರಿಕೆ ಇಳಿಯಿತು. ಒಂದು ವರ್ಷದ ಹೊತ್ತಿಗೆ ಕಿಡ್ನಿಯ ಕೆಲಸದ ಅಳತೆಯೂ ಸುಧಾರಿಸಿತ್ತು. ಯುರೋಪಿನಲ್ಲಿ 2023ರ ನವೆಂಬರಿನಲ್ಲಿ, ಅಮೆರಿಕದಲ್ಲಿ 2024ರ ಆಗಸ್ಟಿನಲ್ಲಿ ಒಪ್ಪಿಗೆ ಸಿಕ್ಕಿತು. ಸೂಜಿ ಹಾಕಿದ ಜಾಗ ಕೆಂಪಾಗುವುದು, ತಲೆನೋವು, ಎದ್ದಾಗ ತಲೆ ತಿರುಗುವುದು ಕಾಣಿಸಿಕೊಳ್ಳಬಹುದು. ಕ್ಯಾಲ್ಸಿಯಂ ಏರುಪೇರೂ ಆಗಬಹುದು, ಆದ್ದರಿಂದ ರಕ್ತ ಪರೀಕ್ಷೆ ತಪ್ಪುವುದಿಲ್ಲ.

ಬೆಲೆ ಕೇಳುತ್ತೀರಿ, ಕೇಳಲೇಬೇಕು. ಅಮೆರಿಕದಲ್ಲಿ ಪಟ್ಟಿಯ ಬೆಲೆ ವರ್ಷಕ್ಕೆ 2 ಲಕ್ಷ ಡಾಲರಿಗೂ ಮೇಲೆ. ನಮ್ಮ ಲೆಕ್ಕದಲ್ಲಿ ಕೋಟಿಯ ಮಾತು. ಸೂಪರ್ ಮಾರ್ಕೆಟ್ ರಸ್ತೆಯ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟು ತರುವ ಔಷಧಿ ಅಲ್ಲ. ಹಾಗಂತ ನಮಗೇಕೆ ಅಂದುಕೊಳ್ಳಬೇಡಿ. ಟೆರಿಪ್ಯಾರಟೈಡ್ ಕೂಡ ಒಂದು ಕಾಲಕ್ಕೆ ಕೈಗೆ ಸಿಗದ್ದೇ ಆಗಿತ್ತು. ಹೊಸ ಔಷಧಿ ಬರುವ ದಿನ ನಿಮ್ಮ ಕಿಡ್ನಿ ಚೆನ್ನಾಗಿರಬೇಕು. ಅದಕ್ಕೇ ಗುಳಿಗೆಯ ಬಗ್ಗೆ ಅಷ್ಟು ಹೊತ್ತು ಮಾತಾಡಿದೆ.

ಇನ್ನೂ ಪ್ರಯೋಗದಲ್ಲಿರುವುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎನೆಬೊಪ್ಯಾರಟೈಡ್ ಎಂಬುದು ಪಿಟಿಎಚ್ ಕೂರುವ ಗ್ರಾಹಿಯ ಮೇಲೆ ಜಾಸ್ತಿ ಹೊತ್ತು ಕೂರುವಂತೆ ಮಾಡಿದ ಸೂಜಿ. ವಾರಕ್ಕೊಂದೇ ಸಲ ಹಾಕುವ ಪಿಟಿಎಚ್ ಕೂಡ ಪ್ರಯೋಗದಲ್ಲಿದೆ. ಎನ್ಕಾಲೆರೆಟ್ ಮಾತ್ರ ಬೇರೆ ದಾರಿಯದು, ಬಾಯಿಂದ ತೆಗೆದುಕೊಳ್ಳುವ ಗುಳಿಗೆ. ಕೆಲವು ಕುಟುಂಬಗಳಲ್ಲಿ ಗ್ರಂಥಿ ಗಟ್ಟಿಯಾಗೇ ಇರುತ್ತದೆ, ಆದರೆ ಕ್ಯಾಲ್ಸಿಯಂ ಅಳೆಯುವ ಅದರ ಸಂವೇದಕದ ಜೀನ್ ತಪ್ಪಾಗಿ, ಕಡಿಮೆ ಇದ್ದರೂ ಸಾಕಷ್ಟಿದೆ ಎಂದು ತಿಳಿಯುತ್ತದೆ. ಆ ಸಂವೇದಕವನ್ನು ಈ ಗುಳಿಗೆ ಸರಿದಾರಿಗೆ ತರುತ್ತದೆ. ಅಪ್ಪನಿಗೂ ಇದೆ, ಮಗಳಿಗೂ ಇದೆ ಎಂಬಂಥ ಮನೆಗಳಿಗೆ ಇದು ನಿಜವಾದ ಭರವಸೆ. ಆದರೆ ಆಪರೇಷನ್ನಿನಲ್ಲಿ ಗ್ರಂಥಿಯನ್ನೇ ಕಳೆದುಕೊಂಡವರಿಗೆ ಇದರಿಂದ ಎಷ್ಟು ಫಲ ಎಂಬುದು ಇನ್ನೂ ಖಚಿತವಾಗಿಲ್ಲ.

ಕಾಯಿಲೆ ಬಾರದಂತೆ ಮಾಡುವ ಕೆಲಸವೂ ಮುಂದೆ ಹೋಗಿದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಅನಿತಾ ಮಹಾದೇವನ್ ಜಾನ್ಸೆನ್ ತಂಡ ಒಂದು ವಿಚಿತ್ರ ಸಂಗತಿ ಕಂಡಿತು. ಕಣ್ಣಿಗೆ ಕಾಣದ, ಕೆಂಪಿನ ಆಚೆಯ ಬೆಳಕು ಬಿಟ್ಟರೆ ಪ್ಯಾರಾಥೈರಾಯ್ಡ್ ತಾನಾಗೇ ಹೊಳೆಯುತ್ತದೆ, ಥೈರಾಯ್ಡಿಗಿಂತ ಜಾಸ್ತಿ. ಯಾವ ಬಣ್ಣವನ್ನೂ ಸೂಜಿಯಲ್ಲಿ ಹಾಕಬೇಕಿಲ್ಲ. 2018ರಲ್ಲಿ, ಆ ಹೊಳಪಿನಿಂದ ಆಪರೇಷನ್ ಹೊತ್ತಿನಲ್ಲೇ ಗ್ರಂಥಿ ಗುರುತಿಸುವ ಎರಡು ಉಪಕರಣಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಯಂತ್ರ ಇಲ್ಲದ ಕಡೆಯೂ ಅನುಭವಿ ಸರ್ಜನ್ ಗ್ರಂಥಿಯನ್ನು ಅದರ ರಕ್ತನಾಳದ ಸಮೇತ ಜೋಪಾನ ಮಾಡುತ್ತಾರೆ. ಕಿತ್ತು ಬಂದರೆ ಸಣ್ಣ ಚೂರುಗಳಾಗಿ ಕತ್ತರಿಸಿ ಕೊಳ್ಳಿನ ಸ್ನಾಯುವಿನಲ್ಲೋ ಮುಂಗೈಯಲ್ಲೋ ನೆಡುತ್ತಾರೆ. ಬಹಳ ಸಲ ಅದು ಅಲ್ಲೇ ಬೇರು ಬಿಟ್ಟು ಕೆಲಸ ಶುರು ಮಾಡುತ್ತದೆ. ಆಪರೇಷನ್ನಿಗೆ ಮೊದಲು ನೀವು ಕೇಳಬಹುದು: ಸರ್, ತಿಂಗಳಿಗೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಪೂರ್ತಿ ಥೈರಾಯ್ಡ್ ತೆಗೆಯಲೇಬೇಕಾ, ಅರ್ಧ ಸಾಕಾ? ಮರುದಿನ ಕ್ಯಾಲ್ಸಿಯಂ, ಪಿಟಿಎಚ್ ನೋಡುತ್ತೀರಾ? ಇದು ಅನುಮಾನ ಪಡುವುದಲ್ಲ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಸಂತೋಷದಿಂದ ಉತ್ತರ ಕೊಡುತ್ತಾರೆ.

ಮುಂದಿನ ಸಾಲಿನ ತಂಗಿಯೊಬ್ಬರು ಚೀಟಿ ಕಳಿಸಿದ್ದಾರೆ. ಈ ಕಾಯಿಲೆ ಇದ್ದವರು ಬಸಿರಾಗಬಹುದಾ ಎಂದು. ಖಂಡಿತ ಆಗಬಹುದಮ್ಮ. ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ ಎರಡನ್ನೂ ಮುಂದುವರಿಸಬೇಕು. ಥಯಜೈಡ್ ಇದ್ದರೆ ಮೊದಲೇ ಹೇಳಿ, ಸಾಮಾನ್ಯವಾಗಿ ನಿಲ್ಲಿಸುತ್ತೇವೆ. ಬಸಿರಿನಲ್ಲಿ ಬೇಕಾಗುವ ಅಳತೆ ಒಬ್ಬೊಬ್ಬರಿಗೆ ಒಂದೊಂದು ಥರ ಬದಲಾಗುತ್ತದೆ, ಅದಕ್ಕೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ನೋಡಬೇಕು. ಹೆರಿಗೆಯಾದ ಮೇಲೆ ಇನ್ನೊಂದು ವಿಷಯ ಇದೆ. ಮಗುವಿಗೆ ಹಾಲೂಡಿಸುವಾಗ ಎದೆಯಿಂದಲೇ ಪಿಟಿಎಚ್ ಥರದ ಒಂದು ಹಾರ್ಮೋನ್ ಹೊರಡುತ್ತದೆ. ಬಾಣಂತಿಯ ಕ್ಯಾಲ್ಸಿಯಂ ತಾನೇ ಏರುತ್ತದೆ. ಹಳೆಯ ಅಳತೆಯ ಗುಳಿಗೆಯನ್ನೇ ನುಂಗುತ್ತಿದ್ದರೆ ವಿಪರೀತ ಆಗಬಹುದು. ಹಾಲು ಬಿಡಿಸಿದಾಗ ಮತ್ತೆ ಇಳಿಯುತ್ತದೆ. ತವರಿಗೆ ಬಾಣಂತನಕ್ಕೆ ಹೋಗುವಾಗ ರಿಪೋರ್ಟು, ಗುಳಿಗೆ ಚೀಟಿ ಎಲ್ಲ ಜೊತೆಗೆ ಒಯ್ಯಿ. ಬೀದರಿಗೆ ಹೋದರೂ ಯಾದಗಿರಿಗೆ ಹೋದರೂ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ತೋರಿಸಬಹುದು.

ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಎಂಬುದು ಇನ್ನೊಬ್ಬರ ಪ್ರಶ್ನೆ. ಔಷಧಿಯ ಅಳತೆ ಬದಲಿಸಿದಾಗ ಒಂದೆರಡು ವಾರದೊಳಗೆ. ಎಲ್ಲ ಒಂದು ಹದಕ್ಕೆ ಬಂದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಕ್ಯಾಲ್ಸಿಯಂ, ಆಲ್ಬುಮಿನ್, ರಂಜಕ, ಮೆಗ್ನೀಷಿಯಂ, ಕ್ರಿಯಾಟಿನಿನ್. ಆಲ್ಬುಮಿನ್ ಯಾಕೆಂದರೆ ಅದು ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳೇ ಕಡಿಮೆ ಕಾಣುತ್ತದೆ. ರಕ್ತ ಕೊಡುವ ದಿನ ಬೆಳಗಿನ ಕ್ಯಾಲ್ಸಿಯಂ ಗುಳಿಗೆಯನ್ನು ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಇಪ್ಪತ್ನಾಲ್ಕು ತಾಸಿನ ಮೂತ್ರ. ಕಲ್ಲಿನ ಅನುಮಾನ ಇದ್ದರೆ ಕಿಡ್ನಿಯ ಸ್ಕ್ಯಾನ್. ಕಣ್ಣು ಮಂಜಾದರೆ ಕಣ್ಣಿನ ವೈದ್ಯರಿಗೆ ತೋರಿಸುವಾಗ ಈ ಕಾಯಿಲೆಯ ಹೆಸರು ಹೇಳಿ. ಹೆಸರು ಉದ್ದ, ನೆನಪಿರುವುದಿಲ್ಲ. ಅದಕ್ಕೆ ಒಂದು ಚೀಟಿಯಲ್ಲಿ ಬರೆಸಿಕೊಂಡು ಪಾಕೀಟಿನಲ್ಲಿ ಇಟ್ಟುಕೊಳ್ಳಿ: ಕಾಯಿಲೆಯ ಹೆಸರು, ಈಗಿನ ಗುಳಿಗೆಗಳ ಅಳತೆ, ಕೊನೆಯ ಕ್ಯಾಲ್ಸಿಯಂ ಎಷ್ಟಿತ್ತು, ಮನೆಯವರ ಫೋನ್ ನಂಬರ್. ಹೊರಗೆ ಮೇಜಿನ ಮೇಲೆ ಖಾಲಿ ಚೀಟಿಗಳನ್ನು ಇಡಿಸಿದ್ದೇನೆ. ನಿಮ್ಮ ರಿಪೋರ್ಟ್ ತಂದಿದ್ದರೆ ನಮ್ಮ ಸಿಸ್ಟರ್ ಇವತ್ತೇ ತುಂಬಿ ಕೊಡುತ್ತಾರೆ.